ಮೂರು ಸೀಮೆಯ ಸಾರಥಿಗಳು

ತನ್ನ ಊರಿನ ನೀರೇ ಸಿಹಿ, ತನ್ನ ಊರಿನ ಗಾಳಿಯೇ ತಂಪು ಎಂದು ನಂಬದ ಮನುಷ್ಯನನ್ನು ಕಾಣುವುದು ಕಷ್ಟ. ಆದರೆ ತನ್ನ ಊರಿನ ರಸ್ತೆಯೇ ಶ್ರೇಷ್ಠವೆಂದು ಪಟ್ಟುಹಿಡಿದು ವಾದಿಸುವವರನ್ನು ನೋಡಬೇಕಾದರೆ ಲಾರಿಯ ಚಾಲಕರ ನಡುವೆ ಕುಳಿತುಕೊಳ್ಳಬೇಕು. ಅದಕ್ಕೆ ಯಲ್ಲಾಪುರದಂತಹ ಊರೇ ತಕ್ಕ ಸ್ಥಳ. ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯಲ್ಲಿ, ಬಯಲು ಮುಗಿದು ಕಾಡು ತೊಡಗಿದ ಮೇಲೆ, ಅರಬೈಲು ಘಟ್ಟವನ್ನು ಇಳಿಯುವುದಕ್ಕೆ ಮೊದಲು ಆ ಊರು ಸಿಗುತ್ತದೆ. ಘಟ್ಟದ ಮೇಲಿನವರೂ ಕೆಳಗಿನವರೂ ಅಲ್ಲಿ ಚಹಾ ಕುಡಿಯಲು ನಿಲ್ಲುವುದುಂಟು.

2025ರ ಶ್ರಾವಣದ ಒಂದು ಸಂಜೆ, ಜಿಟಿಜಿಟಿ ಮಳೆಯಲ್ಲಿ, ಒಂದೇ ಬೆಂಚಿನ ಮೇಲೆ ಮೂವರು ಕುಳಿತಿದ್ದರು. ಒಬ್ಬನು ವಿಜಯಪುರದವನು, ಒಬ್ಬನು ಮಂಗಳೂರಿನವನು, ಮತ್ತೊಬ್ಬನು ಸಾಗರ ಸೀಮೆಯವನು. ವಾದಕ್ಕೆ ಮೊದಲು ಮಾಡಿದವನು ವಿಜಯಪುರದವನೇ.

“ರಸ್ತಾ ಅಂದ್ರ ನಮ್ ಕಡಿ ರಸ್ತಾ ನೋಡ್ರಿ. ಬಾಣ ಬಿಟ್ಟಂಗ ನೆಟ್ಟಗ! ಮುಂದಿನ ಊರ ಬೇವಿನ ಗಿಡ ಇಲ್ಲಿಂದನ ಕಾಣ್ತಾವ.”

“ಹಾಗಾದರೆ ನಿಮಗೆ ಸ್ಟಿಯರಿಂಗ್ ಯಾಕೆ ಮಾರಾಯ್ರೆ? ಬ್ರೇಕ್ ಒಂದು ಇದ್ದರೆ ಸಾಕಲ್ಲ!” ಎಂದನು ಮಂಗಳೂರಿನವನು.

ಸಾಗರದವನೂ ಬಿಡಲಿಲ್ಲ. ನೆಟ್ಟನೆಯ ದಾರಿ ಚಾಲಕನಿಗೆ ಜೋಗುಳ ಹಾಡುತ್ತದೆ ಎಂಬುದು ಅವನ ಆಕ್ಷೇಪ. ಅದೂ ಅಲ್ಲದೆ, ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಮಣ್ಣು; ಅದರ ಮೇಲೆ ಹಾಸಿದ ಡಾಂಬರು ಎಷ್ಟು ಕಾಲ ಸಮವಾಗಿದ್ದೀತು? ವೈಶಾಖದ ಮಧ್ಯಾಹ್ನ ಲಾರಿ ನಿಲ್ಲಿಸಲು ಒಂದು ನೆರಳಾದರೂ ಸಿಗಬೇಡವೆ? ವಿಜಯಪುರದವನು ಇದಕ್ಕೆ ಉತ್ತರವಾಗಿ ಜೋಳದ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಎಣ್ಣೆಗಾಯಿಯನ್ನೂ ಹೊಗಳತೊಡಗಿದನು. ವಾದದಲ್ಲಿ ಸೋಲುವವರು ಊಟದ ಮೊರೆಹೋಗುವುದು ಎಲ್ಲ ಸೀಮೆಗಳಲ್ಲಿಯೂ ಇರುವ ರೂಢಿ.

ಮಲೆನಾಡಿನವನ ಹೆಮ್ಮೆಯೆಲ್ಲ ಘಟ್ಟಗಳದು. ಆಗುಂಬೆಯಲ್ಲಿ ಹದಿನಾಲ್ಕು ಕಡಿದಾದ ತಿರುವುಗಳಿವೆ. ಉದ್ದನೆಯ ದೊಡ್ಡ ವಾಹನಗಳು ಅಲ್ಲಿ ತಿರುಗಲಾರವು. ಘಟ್ಟವನ್ನು ಹತ್ತುವ ಗೇರಿನಲ್ಲಿಯೇ ಇಳಿಯಬೇಕು, ಬ್ರೇಕನ್ನೇ ಒತ್ತುತ್ತ ಇಳಿದರೆ ಅದು ಕಾದು ಹಿಡಿತ ತಪ್ಪುತ್ತದೆ, ಏರುವ ಗಾಡಿಗೆ ಇಳಿಯುವವನು ದಾರಿ ಬಿಡಬೇಕು—ಇವೆಲ್ಲ ಘಟ್ಟವೇ ಕಲಿಸುವ ಪಾಠಗಳು ಎಂದು ಅವನು ಗಂಭೀರವಾಗಿ ಹೇಳಿದನು. “ನಿಮ್ ಕಡಿ ಮಂಜಿನ್ಯಾಗ ಮುಂದಿನ ದಾರಿ ಕಾಣೂದಿಲ್ಲ, ಕಾಲಿಗಿ ಹತ್ತಿದ ಜಿಗಣಿನೂ ಕಾಣೂದಿಲ್ಲ” ಎಂದು ವಿಜಯಪುರದವನು ಸೇಡು ತೀರಿಸಿಕೊಂಡನು.

ಇನ್ನು ಕರಾವಳಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. “ಅಂಥ ದಾರಿ ಇನ್ನೆಲ್ಲಿದೆ ತೋರಿಸಿ” ಎಂದು ಮಂಗಳೂರಿನವನು ಕೇಳಿದಾಗ ಉಳಿದಿಬ್ಬರಿಗೆ ತಟ್ಟನೆ ಮಾತು ಹೊಳೆಯಲಿಲ್ಲ. ಆಗ ಚಹಾ ಸೋಸುತ್ತಿದ್ದ ಮುದುಕನು ತಲೆಯೆತ್ತದೆ, “ಮಳೆಗಾಲದಲ್ಲಿ?” ಎಂದನು.

ಮಂಗಳೂರಿನವನ ನಗೆ ಮಾಯವಾಯಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದಾಗಿ ಕೊರೆದಿದ್ದ ಗುಡ್ಡವು ಕುಸಿದು, ರಸ್ತೆಬದಿಯ ಚಹಾದಂಗಡಿಯೂ ಅಲ್ಲಿದ್ದ ಜನರೂ ಮಣ್ಣುಪಾಲಾದರು. ಗಂಗಾವಳಿ ನದಿಯ ತಳ ಸೇರಿದ್ದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ಅದರ ಚಾಲಕನು ಅದರೊಳಗೇ ಇದ್ದನು. ಅದೇ ಆಗಸ್ಟ್ 7ರ ರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಮುರಿದು ಇನ್ನೊಂದು ಲಾರಿ ನೀರಿಗೆ ಬಿತ್ತು. ಆ ಚಾಲಕನು ಮಾತ್ರ ಬದುಕಿದನು. “ಶಿರೂರಿನ ಆ ಅಂಗಡಿಯಲ್ಲಿ ಎರಡು ದಿನ ಮೊದಲು ನಾನೂ ಚಹಾ ಕುಡಿದಿದ್ದೆ” ಎಂದು ಮಂಗಳೂರಿನವನು ಮೆಲ್ಲಗೆ ಹೇಳಿದನು.

ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೇ ಕೇಳಿಸಿತು. ಬಳಿಕ ಸಾಗರದವನು ತನ್ನ ಊರಿನ ಕಥೆ ತೆಗೆದನು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಅವನ ಸೀಮೆಯನ್ನು ಸುತ್ತುವರಿದಿತ್ತು. ಲಾಂಚು ದಾಟಿಸಿದರೆ ಉಂಟು, ಇಲ್ಲದಿದ್ದರೆ ಬಳಸುದಾರಿ. ಕತ್ತಲಾದ ಮೇಲೆ ಲಾಂಚು ಇರುತ್ತಿರಲಿಲ್ಲ. ಒಮ್ಮೆ ರಾತ್ರಿ ಅವನ ತಾಯಿಗೆ ಎದೆನೋವು ಬಂದಾಗ, ಹದಿನಾಲ್ಕು ತಿರುವುಗಳನ್ನು ಬಲ್ಲ ಆ ಚಾಲಕನು ದಡದಲ್ಲಿ ಗಾಡಿ ನಿಲ್ಲಿಸಿಕೊಂಡು ಬೆಳಗಾಗುವುದನ್ನು ಕಾದಿದ್ದನು. ಬಳಸುದಾರಿಯ ಕುಲುಕಾಟವನ್ನು ಆಕೆ ತಾಳಲಾರಳೆಂದು ಅಂಜಿದ್ದನು. ಪುಣ್ಯಕ್ಕೆ ಆಕೆ ಉಳಿದಳು. 2025ರ ಜುಲೈ 14ರಂದು ಅಲ್ಲಿ ಸೇತುವೆ ತೆರೆಯಿತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು.

“ಆ ಸೇತುವೆ ಮ್ಯಾಲ ಹೇರ್‌ಪಿನ್ ತಿರುವು ಎಷ್ಟ್ ಅದಾವ್ರಿ?” ವಿಜಯಪುರದವನು ಕೇಳಿದನು.

“ಒಂದೂ ಇಲ್ಲ.”

“ಹಂಗಾರ ಅದು ನಮ್ ಕಡಿ ರಸ್ತಾನ ಬಿಡ್ರಿ!”

ಮೂವರೂ ನಕ್ಕರು. ಮುದುಕನೂ ನಕ್ಕು ಲೋಟಗಳನ್ನು ತೊಳೆಯಲು ತೆಗೆದುಕೊಂಡನು.

ಸಾಗರದವನು ಹುಬ್ಬಳ್ಳಿಯ ಕಡೆಗೆ ಹೊರಟನು. ವಿಜಯಪುರದವನು ಎದ್ದು ನಿಂತು ಕತ್ತಲೆಯತ್ತ ನೋಡಿದನು. ಮಳೆಯ ರಾತ್ರಿಯಲ್ಲಿ ಘಟ್ಟ ಇಳಿಯುವುದು ಅವನಿಗೆ ಅದೇ ಮೊದಲು; ಅದನ್ನು ಅವನು ಇಷ್ಟು ಹೊತ್ತೂ ಬಾಯಿಬಿಟ್ಟು ಹೇಳಿರಲಿಲ್ಲ.

“ನನ್ನ ಹಿಂದಿನ ದೀಪ ನೋಡಿಕೊಂಡು ಬನ್ನಿ ಅಣ್ಣಾ” ಎಂದನು ಮಂಗಳೂರಿನವನು. “ಅಂತರ ಬಿಟ್ಟು ಬನ್ನಿ. ಸಣ್ಣ ಗೇರ್ ಬಿಡಬೇಡಿ. ನಾನು ನಿಧಾನ ಹೋಗ್ತೇನೆ.”

ಒಂದರ ಹಿಂದೆ ಒಂದು ಲಾರಿ ಮಳೆಯೊಳಗೆ ಇಳಿಯತೊಡಗಿತು. ಮೊದಲ ತಿರುವಿನಲ್ಲಿ ಮುಂದಿನ ಕೆಂಪು ದೀಪ ಮರೆಯಾಯಿತು. ಹಿಂದಿನದು ಬರುವವರೆಗೂ ಅದು ತಿರುವಿನ ಆಚೆ ನಿಂತು ಕಾಯಿತು.