ಕಾಡುಗೋಡಿ: ಎರಡೇ ಚುನಾವಣೆ ಕಂಡ ವಾರ್ಡು

ಬೆಂಗಳೂರಿನಿಂದ ಬಂಗಾರಪೇಟೆ ಕಡೆಗೆ ಹೊರಡುವ ಪ್ಯಾಸೆಂಜರ್ ರೈಲು ಹತ್ತಿ, ಕೃಷ್ಣರಾಜಪುರ ದಾಟಿ, ‘ವೈಟ್‌ಫೀಲ್ಡ್’ ಎಂಬ ಫಲಕ ಕಂಡಲ್ಲಿ ಇಳಿದವರು ನಿಜವಾಗಿ ಕಾಲಿಡುವುದು ಕಾಡುಗೋಡಿಯ ನೆಲದ ಮೇಲೆ. 2023ರ ಮಾರ್ಚ್‌ನಲ್ಲಿ ಮೆಟ್ರೊ ರೈಲು ಬಂದಾಗಲೂ ಅಷ್ಟೇ. ಕೊನೆಯ ನಿಲ್ದಾಣಕ್ಕೆ ವೈಟ್‌ಫೀಲ್ಡ್ ಎಂದು ಹೆಸರಿಟ್ಟು, ಕಾಡುಗೋಡಿಯನ್ನು ಆವರಣ ಚಿಹ್ನೆಯೊಳಗೆ ಕೂರಿಸಿದರು. ಊರಿನವರಿಗೆ ಇದೇನೂ ಹೊಸದಲ್ಲ. ಪಕ್ಕದ ಮನೆಯ ಹೆಸರಿನಲ್ಲಿ ಕಾಗದ ಬರುವುದು ಅವರಿಗೆ ರೂಢಿಯಾಗಿದೆ.

ಒಂದು ಪಟ್ಟಿಯಲ್ಲಿ ಮಾತ್ರ ಕಾಡುಗೋಡಿ ತನ್ನ ಹೆಸರಿನಿಂದಲೇ ಇತ್ತು. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಪೈಕಿ ಅದು 83ನೆಯದು. ಹಿಂದಿನದು ಗರುಡಾಚಾರ್ಪಾಳ್ಯ, ಮುಂದಿನವು ಹಗದೂರು, ದೊಡ್ಡನೆಕ್ಕುಂದಿ. ವಿಚಿತ್ರವೆಂದರೆ, ಜಗತ್ತಿಗೆಲ್ಲ ಗೊತ್ತಿರುವ ವೈಟ್‌ಫೀಲ್ಡ್ ಹೆಸರಿನ ವಾರ್ಡೇ ಆ ಪಟ್ಟಿಯಲ್ಲಿ ಇರಲಿಲ್ಲ. ಗಾಜಿನ ಕಟ್ಟಡಗಳು ಎಷ್ಟೇ ಎದ್ದರೂ ಮತಪೆಟ್ಟಿಗೆಯ ಲೆಕ್ಕ ಹಳ್ಳಿಗಳ ಹೆಸರಿನಲ್ಲೇ ನಡೆಯಿತು.

ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ. ಮೈಸೂರಿನ ಹತ್ತನೆಯ ಚಾಮರಾಜ ಒಡೆಯರು ಯೂರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಬೇಸಾಯದ ನೆಲೆಗಾಗಿ 3,900 ಎಕರೆ ಜಮೀನು ಕೊಟ್ಟರು. ಸಂಘದ ಸ್ಥಾಪಕ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಕಾಡುಗೋಡಿ ಅದಕ್ಕಿಂತ ಬಹಳ ಹಳೆಯದು. 1043ರ ಕಾಲದ, ರಾಜೇಂದ್ರ ಚೋಳನ ಹೆಸರು ಹೊತ್ತ ಇಲ್ಲಿನ ತಮಿಳು ಶಾಸನವೊಂದು ಪಟ್ಟಂದೂರಿನ ಕೆರೆಯ ಕಥೆ ಹೇಳುತ್ತದೆ. ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಕೆರೆ ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ ಮತ್ತು ಕ್ಷೇತ್ರಪಾಲರನ್ನು ಪ್ರತಿಷ್ಠಾಪಿಸಿದನಂತೆ. ಸಾವಿರ ವರ್ಷದ ಹಿಂದೆ ಈ ಸೀಮೆಯಲ್ಲಿ ನೀರಿಗೆ ಯಾರು ಹೊಣೆ ಎಂದು ಕೇಳಿದ್ದರೆ ಕಲ್ಲೇ ಉತ್ತರ ಹೇಳುತ್ತಿತ್ತು. ಅದೇ ಪಟ್ಟಂದೂರು ಅಗ್ರಹಾರದಲ್ಲಿ 1990ರ ದಶಕದಲ್ಲಿ ಐ.ಟಿ. ಪಾರ್ಕ್ ಮೇಲೆದ್ದಿತು. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ ಬರುವ 335ಇ ಬಸ್ಸಿನಲ್ಲಿ ಕಂಪ್ಯೂಟರ್ ಹುಡುಗರೂ ಸೊಪ್ಪಿನ ಮೂಟೆಯವರೂ ಒಟ್ಟಿಗೆ ನಿಂತು ಪ್ರಯಾಣ ಮಾಡುವಂತಾಯಿತು. ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮಕ್ಕೆ ಬರುವ ಭಕ್ತರು ಮೊದಲೇ ಇದ್ದರು. 2001ರ ಜನವರಿಯಲ್ಲಿ ಸಾಯಿ ಸಂಸ್ಥೆಯ ಆಸ್ಪತ್ರೆ ತೆರೆದ ಮೇಲೆ ದೂರದೂರದ ರೋಗಿಗಳೂ ಈ ದಾರಿ ಹಿಡಿದರು.

ಹೀಗೆ ಊರು ಉಬ್ಬುತ್ತಿದ್ದಾಗ ಆಡಳಿತದ ವಿಳಾಸವೂ ಬದಲಾಯಿತು. 2007ರ ಜನವರಿಯಲ್ಲಿ ಹಳೆಯ ನೂರು ವಾರ್ಡಿನ ಪಾಲಿಕೆಗೆ ಮಹದೇವಪುರವೂ ಸೇರಿದಂತೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಕೂಡಿಸಿ ‘ಬೃಹತ್’ ಬೆಂಗಳೂರನ್ನು ಮಾಡಲಾಯಿತು. ಹೊರವಲಯದವರು ರಾತ್ರಿ ಬೆಳಗಾಗುವುದರೊಳಗೆ ಮಹಾನಗರದ ಪ್ರಜೆಗಳಾದರು. ಆದರೆ ತಮ್ಮವರೆಂದು ಒಬ್ಬ ಸದಸ್ಯನನ್ನು ಆರಿಸಿ ಕಳಿಸಲು ಮೂರು ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ ಪಾಲಿಕೆಯನ್ನು ನಡೆಸಿದ್ದು ಸರ್ಕಾರ ನೇಮಿಸಿದ ಆಡಳಿತಾಧಿಕಾರಿ.

ಮೊದಲ ಚುನಾವಣೆ 2010ರ ಮಾರ್ಚ್ 28ರಂದು ನಡೆಯಿತು. 198ರಲ್ಲಿ 111 ಸ್ಥಾನ ಗೆದ್ದ ಬಿಜೆಪಿ ಅಧಿಕಾರ ಹಿಡಿಯಿತು. ಎಸ್.ಕೆ. ನಟರಾಜ್ ಮೇಯರ್ ಆದರು. ಎರಡನೆಯದು 2015ರ ಆಗಸ್ಟ್ 22ರಂದು. ಬಿಜೆಪಿಗೆ 100, ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14, ಇತರರಿಗೆ 8. ಅತಿ ಹೆಚ್ಚು ಸ್ಥಾನ ಪಡೆದವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಕಾಂಗ್ರೆಸ್ ಮತ್ತು ಜೆಡಿಎಸ್ ಕೈಜೋಡಿಸಿ ಮಂಜುನಾಥ ರೆಡ್ಡಿಯವರನ್ನು ಮೇಯರ್ ಮಾಡಿದವು. ಎರಡು ಸಲವೂ ನಗರದ ಮತದಾರರಲ್ಲಿ ಅರ್ಧದಷ್ಟು ಮಂದಿಯೂ ಮತಗಟ್ಟೆಯ ಕಡೆ ಸುಳಿಯಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

2015ರಲ್ಲಿ ಕಾಡುಗೋಡಿ ವಾರ್ಡಿನಿಂದ ಗೆದ್ದವರು ಬಿಜೆಪಿಯ ಎಸ್. ಮುನಿಸ್ವಾಮಿ. ನಾಲ್ಕು ವರ್ಷದಲ್ಲಿ ಈ ಹೆಸರು ವಾರ್ಡಿನ ಗಡಿ ದಾಟಿ ದೆಹಲಿ ತಲುಪಿತು. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷ ಅವರನ್ನು ಕೋಲಾರ ಮೀಸಲು ಕ್ಷೇತ್ರದಲ್ಲಿ ನಿಲ್ಲಿಸಿತು. ಎದುರಿಗಿದ್ದವರು ಸಾಮಾನ್ಯರಲ್ಲ. 1991ರಿಂದ ಸತತ ಏಳು ಬಾರಿ ಗೆದ್ದಿದ್ದ, ಕೇಂದ್ರದಲ್ಲಿ ಮಂತ್ರಿಯಾಗಿದ್ದ ಕೆ.ಎಚ್. ಮುನಿಯಪ್ಪ. ಚರಂಡಿ, ಬೀದಿದೀಪದ ದೂರು ಕೇಳುತ್ತಿದ್ದ ಪಾಲಿಕೆ ಸದಸ್ಯರೊಬ್ಬರು ಅಂಥವರನ್ನು ಎರಡು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಹೊರವಲಯದ ವಾರ್ಡು ಎಂದರೆ ಮೂಲೆಯಲ್ಲಿ ಬಿದ್ದ ಜಾಗ ಎಂದುಕೊಂಡವರು ಅಂದು ಕಾಡುಗೋಡಿಯ ಹೆಸರನ್ನು ಪತ್ರಿಕೆಯಲ್ಲಿ ಎರಡನೇ ಸಲ ಓದಿದರು.

ಅಲ್ಲಿಗೆ ವಾರ್ಡಿನ ಚುನಾವಣಾ ಚರಿತ್ರೆ ಮುಗಿಯಿತೆಂದೇ ಹೇಳಬೇಕು. 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ತೀರಿತು. ಆಮೇಲಿನದು ಮತದಾನದ ಕಥೆಯಲ್ಲ, ಲೆಕ್ಕಾಚಾರದ ಕಥೆ. ಹಳೆಯ 198 ವಾರ್ಡುಗಳಿಗೇ ಚುನಾವಣೆ ನಡೆಸಿ ಎಂದು ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹೊಸ ಕಾಯ್ದೆಯ ಪ್ರಕಾರ 2022ರಲ್ಲಿ 243 ವಾರ್ಡುಗಳ ನಕ್ಷೆ ಬಂತು. ಮೀಸಲಾತಿ ಪಟ್ಟಿಯನ್ನು ಹೈಕೋರ್ಟ್ ರದ್ದು ಮಾಡಿತು. 2023ರಲ್ಲಿ ಸರ್ಕಾರ ಬದಲಾಗಿ 225 ವಾರ್ಡುಗಳ ನಕ್ಷೆ ಬಂತು. ಬಿಜೆಪಿ ಇದ್ದಾಗ ಒಂದು ಗೆರೆ, ಕಾಂಗ್ರೆಸ್ ಬಂದಾಗ ಇನ್ನೊಂದು ಗೆರೆ. ಗೆರೆ ಎಳೆಯುವವರು ಬದಲಾದರೇ ಹೊರತು, ಮತ ಕೇಳಲು ಬಾಗಿಲಿಗೆ ಯಾರೂ ಬರಲಿಲ್ಲ.

ಪಾಲಿಕೆ ಸದಸ್ಯನಿಲ್ಲದಿದ್ದರೆ ಆಕಾಶವೇನು ಕಳಚಿ ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ಬೀಳುವುದಿಲ್ಲ ನಿಜ. ಕಸದ ಗಾಡಿ ಬರುತ್ತದೆ, ತೆರಿಗೆ ರಸೀದಿಯೂ ತಪ್ಪದೆ ಬರುತ್ತದೆ. ಆದರೆ ವಾರ್ಡ್ ಸಮಿತಿಗೆ ಅಧ್ಯಕ್ಷರಾಗಬೇಕಿದ್ದವರು ಜನ ಆರಿಸಿದ ಸದಸ್ಯರು, ಅವರ ಕುರ್ಚಿಯಲ್ಲಿ ಕುಳಿತದ್ದು ನೋಡಲ್ ಅಧಿಕಾರಿ. ಅಧಿಕಾರಿಗೆ ವರ್ಗವಾಗುತ್ತದೆ. ಸದಸ್ಯನಾದರೋ ಅದೇ ಬೀದಿಯಲ್ಲಿ ಮತ್ತೆ ಮುಖ ತೋರಿಸಬೇಕು, ಐದು ವರ್ಷಕ್ಕೊಮ್ಮೆ ಕೈಮುಗಿಯಬೇಕು. ರಾತ್ರಿ ಮಳೆ ಬಂದು ಮನೆಯೊಳಗೆ ನೀರು ನುಗ್ಗಿದಾಗ ಯಾರ ಬಾಗಿಲು ತಟ್ಟಬಹುದು ಎಂಬುದರಲ್ಲಿ ಇಬ್ಬರಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. 2007ರಲ್ಲಿ ಸೇರಿಸಿಕೊಂಡ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಹದಿನೇಳು ವರ್ಷ ಟ್ಯಾಂಕರ್ ನೀರು ಕೊಂಡವರಿಗೆ ಗಟ್ಟಿಯಾಗಿ ಕೇಳುವ ಒಂದು ದನಿಯ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಈ ಮಧ್ಯೆ ಮಹದೇವಪುರ ವಿಧಾನಸಭಾ ಕ್ಷೇತ್ರ ಆರು ಲಕ್ಷಕ್ಕೂ ಹೆಚ್ಚು ಮತದಾರರ ಬೃಹತ್ ಕ್ಷೇತ್ರವಾಗಿ ಬೆಳೆಯಿತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ಮತದಾರರ ಪಟ್ಟಿಯ ಬಗ್ಗೆ ರಾಹುಲ್ ಗಾಂಧಿ ಮಾಡಿದ ಆರೋಪ ಮತ್ತು ಅದನ್ನು ಚುನಾವಣಾ ಆಯೋಗ ತಳ್ಳಿಹಾಕಿದ್ದು ದೇಶವೆಲ್ಲ ಚರ್ಚೆಯಾಯಿತು. ಆ ಗದ್ದಲದ ನಡುವೆ ಒಂದು ಸಣ್ಣ ಸಂಗತಿ ಯಾರ ಕಣ್ಣಿಗೂ ಬೀಳಲಿಲ್ಲ. ಯಾರ ಹೆಸರು ಪಟ್ಟಿಯಲ್ಲಿದೆ ಎಂದು ದೇಶ ಜಗಳವಾಡುತ್ತಿದ್ದಾಗ, ಅದೇ ಪಟ್ಟಿಯಲ್ಲಿದ್ದವರು ತಮ್ಮ ಬೀದಿಯ ಪ್ರತಿನಿಧಿಯನ್ನು ಆರಿಸಿ ಹತ್ತು ವರ್ಷವಾಗಿತ್ತು.

2025ರ ಸೆಪ್ಟೆಂಬರ್ 2ರಂದು ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಕಾಡುಗೋಡಿ ಪೂರ್ವ ನಗರಪಾಲಿಕೆಯ ಪಾಲಿಗೆ ಬಂತು. ಅದೇ ವರ್ಷದ ನವೆಂಬರ್‌ನಲ್ಲಿ ಐದೂ ಪಾಲಿಕೆಗಳಿಗೆ ಒಟ್ಟು 369 ವಾರ್ಡುಗಳು ನಿಗದಿಯಾದವು, ಪೂರ್ವಕ್ಕೆ 50. ಬೃಹತ್ ಪಾಲಿಕೆಯ ಜತೆಗೆ 83ನೇ ನಂಬರೂ ಕಡತ ಸೇರಿತು. ಅದು ಬದುಕಿದ್ದ ಹದಿನೆಂಟು ವರ್ಷಗಳಲ್ಲಿ ಎಂಟಕ್ಕೂ ಹೆಚ್ಚು ವರ್ಷ ಚುನಾಯಿತ ಸಭೆಯೇ ಇರಲಿಲ್ಲ. ಕೆರೆ ಕಟ್ಟಿಸಿದ ವೇಳಾನನ ಹೆಸರನ್ನು ಕಲ್ಲು ಸಾವಿರ ವರ್ಷ ಕಾಯ್ದುಕೊಂಡು ಬಂದಿದೆ. ಹೊಸ ನಕ್ಷೆಯ ಕಾಡುಗೋಡಿಯವರು ಕೇಳುವುದು ಅಷ್ಟು ದೊಡ್ಡದನ್ನಲ್ಲ. ಐದೈದು ವರ್ಷಕ್ಕೆ ತಪ್ಪದೆ ಒಂದು ಹೆಸರು ಬೇಕು, ಮಳೆಗಾಲದಲ್ಲಿ ಆ ಹೆಸರು ಹಿಡಿದು ಕೂಗಿದರೆ ಓಗೊಡಬೇಕು.