ಸಂಜೆಯ ಅಕ್ಕೋರು

ದಾವಣಗೆರೆಯ ಹೆಸರು ಕಿವಿಗೆ ಬಿದ್ದೊಡನೆ ಬೆಣ್ಣೆದೋಸೆಯನ್ನು ನೆನೆಯದ ಕನ್ನಡಿಗರು ವಿರಳ. ಖಾರಮಂಡಕ್ಕಿ, ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳೂ ಆ ಊರಿನ ಕೀರ್ತಿಯನ್ನು ದೂರದೂರಕ್ಕೆ ಒಯ್ದಿವೆ. ವಯಸ್ಸಾದವರು ಹತ್ತಿಯ ಮಂಡಿಗಳನ್ನೂ ಬಟ್ಟೆಯ ಗಿರಣಿಗಳನ್ನೂ ಸ್ಮರಿಸುವರು. ತರುಣರು 1965ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜನ್ನೂ 2009ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವನ್ನೂ ಹೆಸರಿಸುವರು. ಆದರೆ ಸಂಜೆ ನಾಲ್ಕೂವರೆಗೆ ಶಾಲೆಯ ಗಂಟೆ ಬಾರಿಸಿದಂದಿನಿಂದ ಮನೆಗಳಲ್ಲಿ ದೀಪ ಹತ್ತುವವರೆಗಿನ ದಾವಣಗೆರೆಯನ್ನು ಬಲ್ಲವರು ಕಡಮೆ. ಆ ಎರಡು ಮೂರು ಗಂಟೆಗಳ ಊರನ್ನೇ ವಾಚಕರಿಗೆ ಪರಿಚಯಮಾಡಿಕೊಡಬೇಕೆಂಬುದು ನಮ್ಮ ಉದ್ದೇಶ.

ಕೆಲವು ಕಾಲದಿಂದ ನಾವು ವಾರಕ್ಕೆ ಮೂರು ದಿನ ದಾವಣಗೆರೆಯಲ್ಲಿಯೂ ಎರಡು ದಿನ ಹರಿಹರದಲ್ಲಿಯೂ, ಶಾಲೆ ಬಿಟ್ಟ ಮೇಲೆ ನಡೆಯುವ ಸಂಜೆಯ ಪಾಠದಲ್ಲಿ ಅರೆಹೊತ್ತಿನ ಸಹಾಯಕರಾಗಿ ಕೆಲಸಮಾಡುತ್ತಿದ್ದೇವೆ. ಅಲ್ಲಿಗೆ ಬರುವವರು ಐದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು; ನಮ್ಮ ಹಿರಿಯರು ಮಿಡ್ಲ್‌ಸ್ಕೂಲೆಂದು ಕರೆಯುತ್ತಿದ್ದ ತರಗತಿಗಳವರು. ಪಾಠ ಹೇಳುವ ಮುಖ್ಯೋಪಾಧ್ಯಾಯಿನಿಯೊಬ್ಬರು ಬೇರೆ ಇದ್ದಾರೆ. ಚಾಪೆ ಹಾಸುವುದು, ಹಾಜರಿ ಬರೆಯುವುದು, ಕುಡಿಯುವ ನೀರು ತುಂಬಿಡುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಹಿಂದುಳಿದವರನ್ನು ಬದಿಗೆ ಕೂರಿಸಿಕೊಂಡು ಓದಿಸುವುದು, ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಜೊತೆಮಾಡಿ ಮನೆಗೆ ಕಳುಹಿಸುವುದು ನಮ್ಮ ಪಾಲಿನ ಕೆಲಸ. ನಮ್ಮನ್ನು ಏನೆಂದು ಕರೆಯಬೇಕೆಂಬುದು ಮಕ್ಕಳಿಗೆ ಮೊದಲು ತಿಳಿಯಲಿಲ್ಲ. ಶಾಲೆಯ ಅಕ್ಕೋರು ಬೇರೆ, ಮನೆಯ ಅಕ್ಕ ಬೇರೆ. ಕೊನೆಗೆ ಅವರೇ ಸೇರಿ “ಸಂಜೆ ಅಕ್ಕೋರು” ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ದಾವಣಗೆರೆಯ ನಮ್ಮ ಪಾಠದ ಮನೆ ಇರುವುದು ಮಂಡಕ್ಕಿ ಭಟ್ಟಿಗಳಿಗೆ ಸಮೀಪದ ಒಂದು ಕೇರಿಯಲ್ಲಿ. ಭದ್ರಾ ನಾಲೆಯ ನೀರಿನಿಂದ ಸುತ್ತಲ ಸೀಮೆಯಲ್ಲಿ ಬತ್ತ ಬೆಳೆಯುತ್ತದೆ, ಬತ್ತವಿದ್ದಲ್ಲಿ ಮಂಡಕ್ಕಿಯುಂಟು. ಬತ್ತವನ್ನು ನೆನೆಹಾಕಿ, ಬೇಯಿಸಿ, ಬಿಸಿಲಿಗೆ ಹರವಿ ಒಣಗಿಸಿ, ಹೊಟ್ಟು ತೆಗೆಸಿ, ಅಕ್ಕಿಗೆ ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದರೆ ಅರೆಗಳಿಗೆಯಲ್ಲಿ ಅದು ಮಲ್ಲಿಗೆಯ ಮೊಗ್ಗಿನಂತೆ ಅರಳುವುದು. ನಾವು ಸಂಜೆಯ ತಿಂಡಿಗೆ ಹಗುರವಾಗಿ ಬಾಯಿಗೆ ಹಾಕಿಕೊಳ್ಳುವ ಒಂದೊಂದು ಹಿಡಿಯ ಹಿಂದೆಯೂ ಬೆಂಕಿಯ ಝಳ, ಹೊಗೆ, ಬೆವರು ಇವೆ. ಈ ಭಟ್ಟಿಗಳ ಬಳಿ ಮಕ್ಕಳೂ ದುಡಿಯುತ್ತಿದ್ದ ಕಾಲವನ್ನು ಊರು ಮರೆತಿಲ್ಲ. ಕೆಲಸದಿಂದ ಬಿಡಿಸಿ ತಂದ ಮಕ್ಕಳಿಗಾಗಿ ವಿಶೇಷ ಶಾಲೆಗಳನ್ನು ನಡೆಸಿದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಗೆ ಸೇರಿದ್ದ ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. 1988ರಲ್ಲಿ ದೇಶದಲ್ಲಿ ಮೊದಲಾದ ಆ ಯೋಜನೆ ಇತ್ತೀಚೆಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಲೀನವಾಯಿತು.

ಈಗ ಆ ಕೇರಿಯ ಮಕ್ಕಳು ಹಗಲು ಶಾಲೆಗೆ ಹೋಗುತ್ತಾರೆ. ಅದು ಸಣ್ಣ ಸಾಧನೆಯಲ್ಲ. ಮಧ್ಯಾಹ್ನದ ಬಿಸಿಯೂಟವೂ ಇದೆ. 2013ರಿಂದ ಕ್ಷೀರಭಾಗ್ಯದ ಹಾಲೂ ಇದೆ. ಆದರೆ ಶಾಲೆ ಬಿಡುವ ಹೊತ್ತಿಗೆ ತಾಯ್ತಂದೆಗಳು ಇನ್ನೂ ಕೆಲಸದಲ್ಲಿರುತ್ತಾರೆ. ಮನೆಯ ಬಾಗಿಲಿಗೆ ಬೀಗ, ಇಲ್ಲವೇ ಮನೆಯೊಳಗೇ ಕೆಲಸದ ರಾಶಿ. ಶಾಲೆಯಲ್ಲಿ ಕಲಿತುದು ಉಳಿಯುವುದೂ ಅಳಿಯುವುದೂ ಆ ಹೊತ್ತಿನಲ್ಲಿಯೇ ಎಂಬುದು ನಮ್ಮ ಅನುಭವ.

ಆರನೆಯ ತರಗತಿಗೆ ಬಂದಿದ್ದರೂ ಮೂರನೆಯ ತರಗತಿಯ ಪುಸ್ತಕವನ್ನು ತಡೆತಡೆದು ಓದುವ ಮಕ್ಕಳು ನಮ್ಮಲ್ಲಿ ಹಲವರುಂಟು. ಕೆಲವರ ಮನೆಯ ಮಾತು ಉರ್ದು. ಕನ್ನಡವನ್ನು ಅವರು ಬೀದಿಯಲ್ಲಿ ಚೆನ್ನಾಗಿಯೇ ಆಡುತ್ತಾರೆ, ಪುಸ್ತಕದಲ್ಲಿ ಕಂಡರೆ ಹೆದರುತ್ತಾರೆ. ಇಂಥವರ ಮುಂದೆ ಪಠ್ಯಪುಸ್ತಕವನ್ನು ಮೊದಲೇ ತೆರೆದಿಟ್ಟರೆ ಮುಖ ಬಾಡುವುದು. ಆದುದರಿಂದ ಬಸ್ಸಿನ ಹಣೆಯ ಮೇಲಿನ ಊರುಗಳ ಹೆಸರು, ಅಂಗಡಿಯ ಫಲಕ, ಅಕ್ಕಿಯ ಚೀಲದ ಬರಹ ಇವುಗಳಿಂದ ಓದು ಮೊದಲಾಗುವುದು. ಲೆಕ್ಕವೂ ಹಾಗೆಯೇ. ಮಂಡಕ್ಕಿಯನ್ನು ತೂಗುವುದಕ್ಕಿಂತ ಅಳೆದು ಮಾರುವುದು ವಾಡಿಕೆ. ಚೀಲಕ್ಕೆ ಇಷ್ಟು ಸೇರು, ಸೇರಿಗೆ ಇಷ್ಟು ಬೆಲೆ ಎಂದರೆ ಗುಣಾಕಾರವನ್ನು ಕಂಡು ಅಳುವ ಹುಡುಗನೂ ಬೆರಳು ಮಡಿಸದೆ ಉತ್ತರ ಹೇಳುವನು. ಬಾಯಲ್ಲಿ ಬಂದ ಲೆಕ್ಕವನ್ನು ಹಾಳೆಯ ಮೇಲೆ ಇಳಿಸುವಷ್ಟೇ ನಮಗುಳಿಯುವ ಕೆಲಸ. ಆದರೆ ಅದಕ್ಕೆ ಒಂದೊಂದು ಮಗುವಿನ ಪಕ್ಕದಲ್ಲಿ ಕುಳಿತು ಕಾಯುವವರು ಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಉಪಾಧ್ಯಾಯರಿಗೆ ಅಷ್ಟು ಬಿಡುವು ಎಲ್ಲಿಂದ ಬಂದೀತು?

ಈ ಕೇರಿಯ ಏಳನೆಯ ತರಗತಿಯ ಹುಡುಗನೊಬ್ಬನು ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದನು. ಅವನು ಒಮ್ಮೆ ಸತತವಾಗಿ ಎಂಟು ದಿನ ಸಂಜೆಯ ಪಾಠಕ್ಕೆ ಬರಲಿಲ್ಲ. ವಿಚಾರಿಸಲೆಂದು ನಾವು ಅವನ ಮನೆಗೆ ಹೋದೆವು. ಅಂಗಳದ ತುಂಬ ಮಂಡಕ್ಕಿಯ ಗುಡ್ಡೆ. ಹುಡುಗನು ಚೀಲ ಹಿಡಿದು ನಿಂತಿದ್ದನು, ತಾಯಿ ತುಂಬುತ್ತಿದ್ದಳು. ನಮ್ಮನ್ನು ಕಂಡು ಅವಳು ಸೆರಗಿನಿಂದ ಮುಖವೊರೆಸಿಕೊಂಡು ಹೇಳಿದಳು:

“ಓದಬ್ಯಾಡ ಅಂತ ನಾನೇನ್ ಅನ್ನಂಗಿಲ್ರೀ ಅಕ್ಕೋರೆ. ಆರು ಗಂಟಿಗೆ ಟೆಂಪೋ ಬರ್ತೈತಿ. ಅಷ್ಟ್ರಾಗ ಚೀಲ ಹೊಲಿದು ಇಟ್ಟಿರ್ಬೇಕು. ಇವರಪ್ಪಗ ಹೊಗಿ ಕುಡಿದು ಕುಡಿದು ಎದಿ ಹಿಡ್ದೈತಿ. ಇವನೂ ಕೈ ಹಚ್ಚಲಿಲ್ಲಂದ್ರ ನಾನೊಬ್ಬಾಕಿ ಏನ್ ಮಾಡ್ಲಿ, ನೀವೇ ಹೇಳ್ರಿ.”

ಅವಳಿಗೆ ಕಾನೂನು ಹೇಳಬೇಕೆ? ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದವರೆಗಿನ ಪ್ರತಿಯೊಂದು ಮಗುವಿಗೂ ಶಾಲೆ ಹಕ್ಕಾಗಿದೆ. ಬಾಲಕಾರ್ಮಿಕರನ್ನು ಕುರಿತ 1986ರ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾಗಿ, 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚಕೂಡದೆಂದು ವಿಧಿಸಲಾಯಿತು. ಆದರೆ ಅದೇ ತಿದ್ದುಪಡಿ ಬಿಟ್ಟುಕೊಟ್ಟ ವಿನಾಯಿತಿಗಳಲ್ಲಿ ಇದೂ ಒಂದು: ಅಪಾಯಕರವಲ್ಲದ ಮನೆಯ ಕಸುಬಿನಲ್ಲಿ, ಶಾಲೆಯ ವೇಳೆ ಮುಗಿದ ಮೇಲೆ ಹಾಗೂ ರಜೆಯಲ್ಲಿ, ಮಗು ಮನೆಯವರಿಗೆ ಕೈನೆರವು ನೀಡಬಹುದು. ಕಾಯಿದೆ ಶಾಲೆಯ ಹೊತ್ತನ್ನು ಮಗುವಿನದೆಂದಿತು. ಸಂಜೆಯನ್ನು ಮನೆಯವರ ವಿವೇಕಕ್ಕೆ ಬಿಟ್ಟಿತು. ವಿವೇಕವಿರುವ ತಾಯಿಗೂ ಆರು ಗಂಟೆಯ ಟೆಂಪೋ ತಪ್ಪುವುದಿಲ್ಲವಷ್ಟೆ.

ನಾವು ವಾದಕ್ಕೆ ನಿಲ್ಲಲಿಲ್ಲ. ಮುಖ್ಯೋಪಾಧ್ಯಾಯಿನಿಯವರೊಡನೆ ಆಲೋಚಿಸಿ, ಟೆಂಪೋ ಹೋದ ಮೇಲೆ ಆರೂಕಾಲಿಗೆ ಬರುವವರಿಗೂ ಬಾಗಿಲು ತೆರೆದಿರಲೆಂದು ಗೊತ್ತುಮಾಡಿದೆವು. ದೀಪ ಆರಿಸುವುದು ಏಳರ ಬದಲು ಏಳೂವರೆಗಾಯಿತು. ಮಾರನೆಯ ವಾರ ಹುಡುಗನು ಬಂದನು. ಅವನ ಹಿಂದೆ ಅದೇ ಸಾಲಿನ ಇನ್ನೂ ಮೂವರು ಬಂದರು. ಕೂದಲಿನ ಮೇಲೆಲ್ಲ ಮಂಡಕ್ಕಿಯ ಹುಡಿ! ಎಲ್ಲ ದಿನವೂ ಬಂದರೆಂದು ಹೇಳಲಾರೆವು. ಹಬ್ಬದ ಮುಂದಿನ ದಿನಗಳಲ್ಲಿ ಚಾಪೆ ಬರಿದಾಗಿಯೇ ಇರುತ್ತಿತ್ತು. ಆದರೂ ಏಳನೆಯ ತರಗತಿ ಮುಗಿದು ಶಾಲೆ ಬದಲಾಯಿಸಬೇಕಾದ ಜೂನ್ ತಿಂಗಳಲ್ಲಿ ತಾಯಿಯೇ ನಮ್ಮನ್ನು ಕರೆದಳು. ಅನೇಕ ಮಕ್ಕಳ ಓದು ಕಡಿದುಹೋಗುವುದು ಈ ಸಂದಿಯಲ್ಲಿಯೇ; ಹಳೆಯ ಶಾಲೆ ಬಿಟ್ಟಿರುತ್ತದೆ, ಹೊಸ ಶಾಲೆ ದೂರವಿರುತ್ತದೆ, ನಡುವೆ ಭಟ್ಟಿ ಹತ್ತಿರವಿರುತ್ತದೆ. ವರ್ಗಾವಣೆ ಪತ್ರ ಹಿಡಿದು ಅವಳ ಜೊತೆಯಲ್ಲಿ ನಾವೂ ನಡೆದೆವು. ಹುಡುಗನ ಹೆಸರು ಪ್ರೌಢಶಾಲೆಯ ದಾಖಲೆಯಲ್ಲಿ ಸೇರಿತು. ವಾರಕ್ಕೆ ಮೂರು ಸಂಜೆ ಈಗಲೂ ಬರುತ್ತಾನೆ.

ಇನ್ನು ಹರಿಹರಕ್ಕೆ ಬನ್ನಿ. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು; ಬಸ್ಸೂ ಉಂಟು, ರೈಲೂ ಉಂಟು. ಹಸುರು ಗದ್ದೆಗಳನ್ನು ದಾಟಿ ಹೋದರೆ ತುಂಗಭದ್ರೆಯ ದಡದಲ್ಲಿ ಹಳೆಯ ಊರು. ಅದರ ನಡುವೆ ಹರಿಹರೇಶ್ವರನ ದೇವಾಲಯ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಇದನ್ನು 1224ರಲ್ಲಿ ಕಟ್ಟಿಸಿದನು. ಒಂದೇ ವಿಗ್ರಹದಲ್ಲಿ ಬಲಗಡೆ ಹರ, ಎಡಗಡೆ ಹರಿ. ಮಂಟಪದ ಕಂಬಗಳು ಚರಕಿಯಲ್ಲಿ ಕಡೆದಂತೆ ನುಣುಪಾಗಿವೆ. ಇದೇ ಊರಿನಲ್ಲಿ ಕ್ರೈಸ್ತರು ದೂರದಿಂದ ನಡೆದು ಬರುವ ಆರೋಗ್ಯಮಾತೆಯ ದೇವಾಲಯವೂ ಇದೆ.

ಕಲ್ಲನ್ನು ಕಡೆದ ಊರಿನಲ್ಲಿಯೇ ಉಕ್ಕನ್ನು ಕಡೆಯುವ ಯಂತ್ರಗಳೂ ತಯಾರಾಗುತ್ತಿದ್ದುದು ಒಂದು ಸೋಜಿಗ. 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥುಗಳು ಭಾರತದ ಕಾರ್ಖಾನೆಗಳಿಗೆಲ್ಲ ಪರಿಚಿತವಾಗಿದ್ದವು. ಈ ಶತಮಾನದ ಆರಂಭದ ವರ್ಷಗಳಲ್ಲಿ ಅದು ನಿಂತುಹೋಯಿತು. ನೂರಾರು ಸಂಸಾರಗಳ ಸಂಜೆ ಅಂದಿನಿಂದ ಬೇರೆಯಾಯಿತು: ಮೊದಲು ಪಾಳಿ ಮುಗಿಸಿ ತಂದೆ ಮನೆಗೆ ಬರುತ್ತಿದ್ದ ಹೊತ್ತಿನಲ್ಲಿ ಈಗ ತಾಯಿಯೂ ಹೊರಗೆ ದುಡಿಯಬೇಕಾಗಿದೆ.

ಹರಿಹರದ ನಮ್ಮ ಪಾಠಕ್ಕೆ ಹೆಣ್ಣುಮಕ್ಕಳೇ ಹೆಚ್ಚು. ಆರನೆಯ ತರಗತಿಯ ಹುಡುಗಿಯೊಬ್ಬಳು ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುವಳು. “ಇವನ್ನ ಬಿಟ್ಟು ಬರಂಗಿಲ್ರೀ” ಎಂದು ಮೊದಲ ದಿನವೇ ಬಾಗಿಲಲ್ಲಿ ನಿಂತು ಹೇಳಿದಳು. ಮಗುವನ್ನು ನಾವು ಎತ್ತಿಕೊಂಡೆವು, ಅವಳು ಪುಸ್ತಕವನ್ನು ಎತ್ತಿಕೊಂಡಳು. ಪಾಠ ಹೇಳುವುದಕ್ಕಿಂತ ಕೂಸನ್ನು ಆಡಿಸುವುದೇ ಆ ಹೊತ್ತಿನ ದೊಡ್ಡ ಸಹಾಯವಾಗಿದ್ದ ಸಂಜೆಗಳು ಎಷ್ಟೋ.

ಅವಳ ತಾತನು ಹಿಂದೆ ಕಾರ್ಖಾನೆಯಲ್ಲಿ ಲೇಥಿನ ಮುಂದೆ ನಿಂತು ದುಡಿದವನು. ಮೊಮ್ಮಕ್ಕಳನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲಿ ಕುಳಿತು ಕೇಳುತ್ತಿದ್ದನು. ದಶಮಾಂಶದ ಲೆಕ್ಕದಲ್ಲಿ ಮಕ್ಕಳು ತೊಡಕಿಗೆ ಸಿಕ್ಕಿದ ದಿನ ಅವನಿಗೆ ತಡೆಯಲಾಗಲಿಲ್ಲ. ಮಾರನೆಯ ಪಾಠಕ್ಕೆ ತನ್ನ ಹಳೆಯ ಅಳತೆಯ ಸಲಕರಣೆಯನ್ನು ಬಟ್ಟೆಯಲ್ಲಿ ಸುತ್ತಿ ತಂದನು. ಪೆನ್ಸಿಲಿನ ದಪ್ಪ, ನಾಣ್ಯದ ದಪ್ಪ, ಹಾಳೆಯ ದಪ್ಪ ಎಲ್ಲವನ್ನೂ ಅಳೆಯಿಸಿ, “ಬಿಂದುವಿನ ಈಚೆಗಿನ ಅಂಕಿ ಚಿಕ್ಕದು ಅಂತ ಬಿಟ್ರೆ, ಇಡೀ ಮಿಷಿನ್ನೇ ಕೆಡ್ತದೆ ಮಕ್ಕಳೆ” ಎಂದನು. ಅಂದಿನಿಂದ ವಾರಕ್ಕೊಂದು ಸಂಜೆ ಅವನದೇ ಪಾಠ. ಸಂಬಳವಿಲ್ಲ, ಹಾಜರಿಯಿಲ್ಲ, ಬರುವುದು ಮಾತ್ರ ತಪ್ಪುವುದಿಲ್ಲ.

ಒಂದು ಸಂಜೆ ಮಕ್ಕಳನ್ನು ದೇವಾಲಯಕ್ಕೆ ಕರೆದುಕೊಂಡು ಹೋದೆವು. ಅಲ್ಲಿಯ ಶಿಲಾಶಾಸನಗಳ ಮುಂದೆ ಮೊದಲು ಸುಮ್ಮನೆ ನಿಂತರು. ಆಮೇಲೆ ಒಬ್ಬಳು ಬೆರಳಿಟ್ಟು, “ಇದು ‘ಗ’ ಇದ್ದಂಗೈತಿ” ಎಂದಳು. ಮತ್ತೊಬ್ಬಳಿಗೆ ‘ರ’ ಸಿಕ್ಕಿತು. ಎಂಟುನೂರು ವರ್ಷಗಳ ಹಿಂದಿನ ಕನ್ನಡದಲ್ಲಿ ತಮಗೆ ಗೊತ್ತಿರುವ ಅಕ್ಷರಗಳನ್ನು ಹುಡುಕುತ್ತ ಅವರು ಕತ್ತಲಾಗುವವರೆಗೆ ಅಲ್ಲಿಂದ ಕದಲಲಿಲ್ಲ. ಓದಲು ಬಾರದೆಂದು ತರಗತಿಯಲ್ಲಿ ತಲೆ ತಗ್ಗಿಸುವ ಹುಡುಗಿಯೇ ಅಂದು ಎಲ್ಲರಿಗಿಂತ ಹೆಚ್ಚು ಅಕ್ಷರ ಗುರುತಿಸಿದ್ದಳು.

ಇಂಥ ಅರೆಹೊತ್ತಿನ ಸಹಾಯಕರ ಕೆಲಸ ನಮ್ಮ ನಾಡಿನಲ್ಲಿ ಹೊಸದಲ್ಲ. ಸರ್ಕಾರದ ವಿದ್ಯಾರ್ಥಿನಿಲಯಗಳಲ್ಲಿ ಸಂಜೆಯ ಪಾಠಕ್ಕೆಂದು ಅರೆಕಾಲಿಕ ಬೋಧಕರನ್ನು ನೇಮಿಸುವ ಪದ್ಧತಿಯಿದೆ. ಬಿಸಿಯೂಟದ ಅಡುಗೆಯ ತಾಯಂದಿರೂ ಗೌರವಧನದ ಮೇಲೆ ದುಡಿಯುವವರೇ. ಅವರ ತಿಂಗಳ ಗೌರವಧನವನ್ನು 2025–26ರ ರಾಜ್ಯದ ಆಯವ್ಯಯದಲ್ಲಿ 1,000 ರೂಪಾಯಿ ಹೆಚ್ಚಿಸಿದ ಮೇಲೂ ಅದು ಒಂದು ಸಂಸಾರಕ್ಕೆ ಸಾಲುವ ಮೊತ್ತವಲ್ಲ. ಸ್ವೀಡನ್ ದೇಶದಲ್ಲಿ ತಾಯ್ತಂದೆಗಳು ದುಡಿಯಲು ಹೋಗುವ ಶಾಲಾಬಾಲಕರಿಗೆ ಸಂಜೆಯ ವಿಹಾರಗೃಹಗಳನ್ನು ಒದಗಿಸುವುದು ಊರಾಡಳಿತದ ಕರ್ತವ್ಯವೆಂದು ಕಾನೂನೇ ಹೇಳುತ್ತದೆ. ಅಮೆರಿಕದಲ್ಲಿ ಕಾಲೇಜಿನ ವಿದ್ಯಾರ್ಥಿಗಳು ದಿನಕ್ಕೆ ಎರಡು ಮೂರು ಗಂಟೆ ಇಂಥ ಕಡೆ ಸಹಾಯಕರಾಗಿ ದುಡಿದು ತಮ್ಮ ಖರ್ಚಿಗೆ ಸಂಪಾದಿಸುವುದು ಸಾಮಾನ್ಯ. ಕಾಲೇಜುಗಳಿಂದ ತುಂಬಿದ ದಾವಣಗೆರೆಯಲ್ಲಿ ಇದು ಏಕಾಗಬಾರದು? ಒಂದೆಡೆ ಸಾವಿರಾರು ಪದವಿ ವಿದ್ಯಾರ್ಥಿಗಳು. ಅಲ್ಲಿಂದ ಒಂದೆರಡು ಮೈಲಿಯಲ್ಲಿ, ಪಕ್ಕದಲ್ಲಿ ಕೂರುವವರಿಲ್ಲದೆ ಓದು ಬಿಡುವ ಏಳನೆಯ ತರಗತಿಯ ಮಕ್ಕಳು.

ಈ ಕೆಲಸಕ್ಕೆ ದೊಡ್ಡ ಪಾಂಡಿತ್ಯ ಬೇಕಿಲ್ಲವೆಂಬುದನ್ನು ಗೃಹಸ್ಥರೂ ಗೃಹಿಣಿಯರೂ ಗಮನಿಸಬೇಕೆಂದು ನಮ್ಮ ಕೋರಿಕೆ. ಹೇಳಿದ ಹೊತ್ತಿಗೆ ಬರಬೇಕು, ನಾಳೆಯೂ ಬರಬೇಕು; ಮುಖ್ಯವಾದ ಅರ್ಹತೆ ಇದೇ. ಮಳೆಯ ದಿನ ಒಂದು ಸಂಜೆ ನಾವು ತಡವಾಗಿ ತಲುಪಿದಾಗ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ, ಸೂರಿನ ನೀರಿಗೆ ಒತ್ತಿಕೊಂಡು, ಮಗ್ಗಿ ಹೇಳುತ್ತ ನಿಂತಿದ್ದರು. ಯಾರೂ ಮನೆಗೆ ಹೋಗಿರಲಿಲ್ಲ. ನಿಮ್ಮ ಊರಿನಲ್ಲಿಯೂ ನಾಲ್ಕೂವರೆಗೆ ಶಾಲೆಯ ಗಂಟೆ ಬಾರಿಸುತ್ತದೆ. ಆ ಮೇಲೆ ನಿಮ್ಮ ಬೀದಿಯ ಮಕ್ಕಳು ಎಲ್ಲಿಗೆ ಹೋಗುತ್ತಾರೆಂಬುದನ್ನು ಒಂದು ಸಂಜೆ ಜಗಲಿಯಿಂದಿಳಿದು ನೋಡಿಬನ್ನಿ. ನಿಮ್ಮ ಮನೆಯ ಪಡಸಾಲೆಯಲ್ಲಿ ಹಾಸಲು ಒಂದು ಚಾಪೆ ಇದ್ದೇ ಇರುತ್ತದೆ.