ಬಟ್ಟಲಿನ ತಳದ ಉಸಿರು

ಕೆರೆಯ ಏರಿಯ ಮೇಲೆ ನಿಂತವನಿಗೆ ಬೀಸುವ ಗಾಳಿಗೂ ಅದೇ ಕೆರೆಯ ತಳದಲ್ಲಿರುವ ಮೀನಿಗೆ ದಕ್ಕುವ ಗಾಳಿಗೂ ಬಹಳ ಅಂತರವುಂಟು. ಹಳ್ಳಿಗಾಡಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಗೆಯ ಮುಂಜಾವಿನಲ್ಲಿ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುವುದನ್ನು ಅವರು ಕಂಡವರೇ. ಅದೇ ಸಂಗತಿ ಪ್ರಯೋಗಶಾಲೆಯ ಅಂಗೈಯಗಲದ ಬಟ್ಟಲಿನಲ್ಲಿಯೂ ನಡೆಯುತ್ತದೆ ಎಂಬುದು ಮಾತ್ರ ಸುಲಭವಾಗಿ ಮರೆತುಹೋಗುವ ವಿಷಯ.

1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಅವರು ಒಂದು ಹನಿ ದುಗ್ಧರಸದಲ್ಲಿ ಕಪ್ಪೆಯ ಭ್ರೂಣದ ನರತಂತು ಬೆಳೆಯುವುದನ್ನು ತೋರಿಸಿಕೊಟ್ಟರು. ಅಂದಿನಿಂದ ಜೀವಕೋಶಗಳನ್ನು ದೇಹದ ಹೊರಗೆ ಸಾಕುವ ವಿದ್ಯೆ ಬೆಳೆಯುತ್ತ ಬಂದಿದೆ. ಇಂದು ಅದರ ರೂಪ ಸರಳವೆಂದೇ ಹೇಳಬೇಕು. ಪಾರದರ್ಶಕವಾದ ಪ್ಲಾಸ್ಟಿಕ್ ಬಟ್ಟಲಿನ ತಳಕ್ಕೆ ಕೋಶಗಳು ಅಂಟಿಕೊಂಡಿರುತ್ತವೆ; ಅವುಗಳ ಮೇಲೆ ಎರಡು ಮೂರು ಮಿಲಿಮೀಟರು ಪೋಷಕ ದ್ರವ; ಸುತ್ತಲೂ 37 ಡಿಗ್ರಿ ಉಷ್ಣತೆಯ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ತುಂಬಿದ ಕಾವುಪೆಟ್ಟಿಗೆ. ಅಲ್ಲಿನ ಆಮ್ಲಜನಕವನ್ನು ಶೇಕಡಾ 20 ಅಥವಾ 21 ಎಂದು ಬರೆದುಬಿಡುವುದು ವಾಡಿಕೆ. ವಾಸ್ತವವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ತಮ್ಮ ಪಾಲನ್ನು ಆಕ್ರಮಿಸಿಕೊಂಡ ಮೇಲೆ ಉಳಿಯುವುದು ಶೇಕಡಾ 18.6ರಷ್ಟು ಮಾತ್ರ. ಇದಾದರೂ ಪೆಟ್ಟಿಗೆಯ ಗಾಳಿಯ ಲೆಕ್ಕವೇ ಹೊರತು ಕೋಶಕ್ಕೆ ದೊರೆಯುವುದರ ಲೆಕ್ಕವಲ್ಲ.

ನೀರು ಆಮ್ಲಜನಕದ ವಿಷಯದಲ್ಲಿ ಮಹಾ ಜಿಪುಣ. ದೇಹದ ಉಷ್ಣತೆಯಲ್ಲಿ ಒಂದು ಲೀಟರು ಗಾಳಿಯಲ್ಲಿರುವ ಆಮ್ಲಜನಕದ ನಲವತ್ತರಲ್ಲೊಂದು ಪಾಲು ಮಾತ್ರ ಒಂದು ಲೀಟರು ದ್ರವದಲ್ಲಿ ಕರಗುತ್ತದೆ. ಕರಗಿದ್ದು ಕೆಳಗಿಳಿಯುವ ವೇಗವಾದರೋ ಗಾಳಿಯಲ್ಲಿ ಹರಡುವುದಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಎರಡು ಮಿಲಿಮೀಟರು ದ್ರವವನ್ನು ದಾಟಲು ಅದಕ್ಕೆ ಹತ್ತು ನಿಮಿಷಕ್ಕೂ ಮಿಗಿಲಾದ ಕಾಲ ಬೇಕು. ದ್ರವದ ಆಳ ಇಮ್ಮಡಿಯಾದರೆ ತಳಕ್ಕೆ ಒದಗಬಲ್ಲ ಆಮ್ಲಜನಕ ಅರ್ಧಕ್ಕಿಳಿಯುತ್ತದೆ. ಮಿತವಾಗಿ ಉಸಿರಾಡುವ ಕೋಶಗಳು ಇದನ್ನು ಹೇಗೋ ಸಹಿಸಿಕೊಂಡಾವು. ಯಕೃತ್ತಿನ ಕೋಶಗಳು ಹಾಗಲ್ಲ. ಅವುಗಳ ಹಸಿವು ದೊಡ್ಡದು. ಅವು ಒತ್ತೊತ್ತಾಗಿ ಬೆಳೆದ ಬಟ್ಟಲಿನ ತಳದಲ್ಲಿ ಆಮ್ಲಜನಕ ಶೂನ್ಯದ ಸಮೀಪಕ್ಕೆ ಇಳಿದಿರುವಾಗಲೂ ಪೆಟ್ಟಿಗೆಯೊಳಗಿನ ಗಾಳಿ ಎಂದಿನಂತೆಯೇ ಇರುತ್ತದೆ. ಹೊಸ ಔಷಧಿಯ ವಿಷಗುಣವನ್ನು ಪರೀಕ್ಷಿಸುವವರು ಇಂಥ ಕೋಶಗಳು ಸತ್ತುದನ್ನು ಕಂಡರೆ, ಕೊಂದದ್ದು ಔಷಧಿಯೋ ಉಸಿರಿನ ಬರವೋ ಎಂಬುದನ್ನು ಅಳತೆಯಿಲ್ಲದೆ ನಿರ್ಣಯಿಸುವಂತಿಲ್ಲ.

ಅಳೆಯುವ ಸಾಧನ ಹುಟ್ಟಿದ ಕಥೆಯೂ ಸ್ವಾರಸ್ಯವಾದುದು. ಒಹಾಯೊ ಪ್ರಾಂತದ ಆಂಟಿಯಾಕ್ ಕಾಲೇಜಿನ ಲೀಲಂಡ್ ಕ್ಲಾರ್ಕ್ ಅವರು ರಕ್ತಕ್ಕೆ ದೇಹದ ಹೊರಗೆ ಆಮ್ಲಜನಕದ ಗುಳ್ಳೆಗಳನ್ನು ಹಾಯಿಸುವ ಯಂತ್ರವೊಂದನ್ನು ರಚಿಸಿದ್ದರು. ಅದನ್ನು ಕುರಿತ ಲೇಖನ ಪತ್ರಿಕೆಯಿಂದ ತಿರಸ್ಕೃತವಾಗಿ ಹಿಂದಿರುಗಿತು. ಯಂತ್ರದಿಂದ ಹೊರಬರುವ ರಕ್ತದಲ್ಲಿ ಆಮ್ಲಜನಕದ ಒತ್ತಡವೆಷ್ಟೆಂಬುದನ್ನು ಅಳೆದಿಲ್ಲವೆಂಬುದೇ ಆಕ್ಷೇಪಣೆ. ಆಕ್ಷೇಪಣೆ ನ್ಯಾಯವಾದುದೇ, ಆದರೆ ಅಳೆಯಬಲ್ಲ ಉಪಕರಣ ಎಲ್ಲಿತ್ತು? ಪ್ಲಾಟಿನಮ್ ತಂತಿಯ ತುದಿಯಲ್ಲಿ ಆಮ್ಲಜನಕವು ವಿದ್ಯುತ್ತನ್ನು ಹರಿಯಿಸುತ್ತದೆಂಬುದು ಗೊತ್ತಿತ್ತು. ಆದರೆ ರಕ್ತದೊಳಗೆ ಆ ತಂತಿ ಬೇಗನೆ ಮಲಿನವಾಗುತ್ತಿತ್ತು. ಕ್ಲಾರ್ಕ್ ಮೊದಲು ಅದಕ್ಕೆ ಸೆಲೊಫೇನ್ ಹೊದಿಸಿ ನೋಡಿದರು. 1954ರಲ್ಲಿ ಪ್ಲಾಟಿನಮ್ ಮತ್ತು ಬೆಳ್ಳಿಯ ತುದಿಗಳೆರಡನ್ನೂ ತೆಳುವಾದ ಪಾಲಿಥೀನ್ ಹಾಳೆಯ ಹಿಂದಿಟ್ಟರು. ಆಮ್ಲಜನಕ ಹಾಳೆಯನ್ನು ದಾಟಿ ಬರುತ್ತದೆ, ಮಾಲಿನ್ಯ ಹೊರಗೇ ನಿಲ್ಲುತ್ತದೆ. 1956ರಲ್ಲಿ ಪ್ರಕಟವಾದ ಈ ವಿದ್ಯುದಗ್ರ ಆಸ್ಪತ್ರೆ, ಪ್ರಯೋಗಶಾಲೆಗಳೆಲ್ಲೆಡೆ ಹಬ್ಬಿತು. ಹಿಂದಿರುಗಿಸಿದ ಸಂಪಾದಕರಿಗೂ ಈ ಕೀರ್ತಿಯಲ್ಲಿ ಒಂದು ಪಾಲು ಸಲ್ಲಬೇಕೇನೋ!

ಆದರೆ ಕ್ಲಾರ್ಕರ ವಿದ್ಯುದಗ್ರಕ್ಕೆ ಒಂದು ದೌರ್ಬಲ್ಯವುಂಟು: ಅದು ಅಳೆಯುವುದನ್ನು ತಾನೇ ತಿನ್ನುತ್ತದೆ. ಸೇರಿನಲ್ಲಿ ಅಕ್ಕಿ ಅಳೆಯುವಾತ ಪ್ರತಿ ಸಲವೂ ಒಂದು ಹಿಡಿಯನ್ನು ಬಾಯಿಗೆ ಹಾಕಿಕೊಂಡಂತೆ. ದೊಡ್ಡ ಪಾತ್ರೆಯಲ್ಲಿ ದ್ರವವನ್ನು ಕಲಕುತ್ತಿದ್ದರೆ ಈ ನಷ್ಟ ಗಣನೆಗೆ ಬಾರದು. ತೊಂಬತ್ತಾರು ಕುಳಿಗಳ ತಟ್ಟೆಯಲ್ಲಿ ಒಂದೊಂದು ಕುಳಿಗೂ ಒಂದು ಮಿಲಿಲೀಟರಿನ ಹತ್ತರಲ್ಲೊಂದೆರಡು ಪಾಲು ದ್ರವ. ಅಲ್ಲಿ ಕಲಕುವಂತೆಯೂ ಇಲ್ಲ, ಕಲಕಿದರೆ ಅಳೆಯಬೇಕಾದ ಸ್ಥಿತಿಯೇ ಕೆಟ್ಟಿತು.

ಇದಕ್ಕೆ ಪರಿಹಾರ ಬೆಳಕಿನಿಂದ ದೊರೆಯಿತು. ಕೆಲವು ವರ್ಣದ್ರವ್ಯಗಳ ದೀಪ್ತಿಯನ್ನು ಆಮ್ಲಜನಕ ಮಂಕುಗೊಳಿಸುತ್ತದೆ ಎಂಬುದನ್ನು ಜರ್ಮನಿಯ ಹಾನ್ಸ್ ಕೌಟ್ಸ್ಕಿ 1930ರ ದಶಕದಲ್ಲಿಯೇ ಕಂಡಿದ್ದರು. ಅಂಥ ದ್ರವ್ಯದ ಸಣ್ಣ ಬೊಟ್ಟನ್ನು ಬಟ್ಟಲಿನ ತಳಕ್ಕಿಟ್ಟು ಕೆಳಗಿನಿಂದ ಬೆಳಕು ಹಾಯಿಸಿ ದೀಪ್ತಿ ಎಷ್ಟು ಬೇಗ ಆರುತ್ತದೆಂದು ನೋಡಿದರಾಯಿತು. ಬೊಟ್ಟು ಆಮ್ಲಜನಕವನ್ನು ವಿದ್ಯುದಗ್ರದಂತೆ ಕಬಳಿಸುವುದಿಲ್ಲ. ಬಟ್ಟಲನ್ನು ತೆರೆಯಬೇಕಾಗಿಯೂ ಇಲ್ಲ. ಕೋಶಗಳು ಇರುವಲ್ಲಿಯೇ ಅಳತೆ ಸಿಗುತ್ತದೆ.

ಬರದಷ್ಟೇ ಅತಿಯೂ ಅಪಾಯ. ದೇಹದ ಅನೇಕ ಅಂಗಾಂಶಗಳಲ್ಲಿ ಆಮ್ಲಜನಕ ಹೊರಗಿನ ಗಾಳಿಯಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ. 2003ರಲ್ಲಿ ಕ್ಯಾಲಿಫೋರ್ನಿಯದ ಜೂಡಿತ್ ಕ್ಯಾಂಪಿಸಿ ಅವರ ತಂಡವು ಇಲಿಯ ಕೋಶಗಳನ್ನು ಶೇಕಡಾ 20 ಮತ್ತು 3ರ ಆಮ್ಲಜನಕದಲ್ಲಿ ಬೇರೆ ಬೇರೆಯಾಗಿ ಬೆಳೆಸಿತು. ಮೊದಲಿನವು ಬೇಗ ಮುಪ್ಪಡರಿದವು. ಎರಡನೆಯವು ಬೆಳೆಯುತ್ತಲೇ ಹೋದವು. ಅದುವರೆಗೆ ಇಲಿಯ ಕೋಶದ ಸಹಜ ಮುಪ್ಪೆಂದು ಎಣಿಸಿದ್ದು ಬಹುಮಟ್ಟಿಗೆ ಗಾಳಿ ಹೆಚ್ಚಾದುದರ ಪೆಟ್ಟಾಗಿತ್ತು. ಪಠ್ಯಗಳಲ್ಲಿ ನೆಲೆಗೊಂಡ ಒಂದು ಭಾವನೆ ಹೀಗೆ ಅಲುಗಾಡಿತು. ಇದನ್ನು ತಿಳಿದು ಪೆಟ್ಟಿಗೆಯ ಆಮ್ಲಜನಕವನ್ನು ಶೇಕಡಾ 3ಕ್ಕೆ ಇಳಿಸುವವರು ಈಗ ಬಹಳ ಮಂದಿ. ಆದರೆ ಮೇಲೆ 3 ಇದ್ದರೆ ಹಸಿದ ಕೋಶಗಳ ತಳದಲ್ಲಿ ಏನೂ ಉಳಿಯದಿರಬಹುದು. ಇಲ್ಲಿಯೂ ಅಳೆಯದೆ ಗತಿಯಿಲ್ಲ.

ಅಳತೆಗೋಲನ್ನು ಮೊದಲು ಸರಿಪಡಿಸಿಕೊಳ್ಳುವುದು ಎಲ್ಲಕ್ಕೂ ಮುಂಚಿನ ಕೆಲಸ. ಸೋಡಿಯಂ ಸಲ್ಫೈಟ್ ಬೆರೆಸಿದ ನೀರು ಶೂನ್ಯವನ್ನು ಕೊಡುತ್ತದೆ. ಗಾಳಿಯಾಡಿದ ನೀರು ಮೇಲಿನ ಗುರುತನ್ನು ಕೊಡುತ್ತದೆ. ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ವಾಯುಭಾರ ಕಡಲತಡಿಯ ಮಂಗಳೂರಿನದಕ್ಕಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ. ಶೇಕಡಾವಾರು ಅಂಕಿ ಎರಡೂ ಕಡೆ ಒಂದೇ ಆದರೂ ಬೆಂಗಳೂರಿನ ಬಟ್ಟಲಿನಲ್ಲಿ ಕರಗುವ ಆಮ್ಲಜನಕ ಅಷ್ಟು ಕಡಿಮೆಯೇ. ಇದನ್ನು ಬಲ್ಲ ಪ್ರಯೋಗಾರ್ಥಿ ದಿನಚರಿಯ ಪುಟದಲ್ಲಿ ಮೊದಲು ಅಂದಿನ ವಾಯುಭಾರವನ್ನು ಬರೆಯುತ್ತಾನೆ, ಅದರ ಕೆಳಗೆ ಬಟ್ಟಲಿನ ದ್ರವದ ಆಳವನ್ನು ಮಿಲಿಮೀಟರುಗಳಲ್ಲಿ ಬರೆಯುತ್ತಾನೆ. ಆಮೇಲೆ ಕಾವುಪೆಟ್ಟಿಗೆಯ ಬಾಗಿಲು ತೆರೆಯುತ್ತಾನೆ.